ಪುಗಾದ ಬಿಳಿ ನೆಲ

14 ಜೂನ್ 2025, ಶನಿವಾರ, ರಾತ್ರಿ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಕರೆಂಟು ಎರಡು ಸಲ ಹೋಗಿ ಬಂತು. ಸಂಜೆ ಪುತ್ತೂರಿನಿಂದ ಅಕ್ಕನ ಮಗನ ಫೋನು.

"ಮಾವ, ಲಡಾಖಿಗೆ ಹೊರಟಿದ್ದೇವೆ. ಆರು ಜನ, ಮೂರು ಬೈಕು. ಪುಗಾದಲ್ಲಿ ಬಿಸಿನೀರ ಬುಗ್ಗೆ ಉಂಟಲ್ಲ, ಅಲ್ಲೇ ಸ್ನಾನ."

"ಯಾವ ಬುಗ್ಗೆಯಲ್ಲಿ?"

"ಎಂತ ಯಾವ ಬುಗ್ಗೆ? ಎಲ್ಲ ಬಿಸಿಯೇ ಅಲ್ವಾ? ಸಣ್ಣವರಿರುವಾಗ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಮುಳುಗಿದ್ದೇವಲ್ಲ."

ಇಷ್ಟಕ್ಕೇ ನನ್ನ ಸಂಜೆ ಕೆಟ್ಟಿತು. ಬೆಂದ್ರ್ ತೀರ್ಥ ಉಗುರು ಬೆಚ್ಚಗಿನ ಕೆರೆ, ಕಲ್ಲು ಕಟ್ಟಿದ ಮೆಟ್ಟಿಲು, ಗಂಧಕದ ಒಂಚೂರು ವಾಸನೆ. ಪುಗಾ ಇರುವುದು 4,400 ಮೀಟರ್ ಎತ್ತರದ ಮರುಭೂಮಿಯಲ್ಲಿ. ಚಳಿಯ ಮರುಭೂಮಿ, ಆದರೂ ಮರುಭೂಮಿಯೇ. ಅಲ್ಲಿ 30 ಡಿಗ್ರಿಯ ಊಟೆಯೂ ಉಂಟು, 84 ಡಿಗ್ರಿಯದ್ದೂ ಉಂಟು, ಒಂದೇ ಕಣಿವೆಯಲ್ಲಿ. ಆ ಎತ್ತರಕ್ಕೆ ನೀರು ಕುದಿಯುವುದೇ 85ರ ಆಸುಪಾಸಿನಲ್ಲಿ. ಹಾಗೆಂದೆ.

"ಹಾಗಾದ್ರೆ ನೂರು ಡಿಗ್ರಿ ಆಗುವುದೇ ಇಲ್ಲ!" ಅಂತ ಖುಷಿಪಟ್ಟ.

ಮಾರಾಯ, 60 ಡಿಗ್ರಿ ನೀರು ಐದು ಸೆಕೆಂಡಿನಲ್ಲಿ ಚರ್ಮ ಬೇಯಿಸುತ್ತದೆ. ಕೂರಲಿಕ್ಕೆ ಆಗುವುದು 38ರಿಂದ 40. ಅದರ ಮೇಲೆ ಬೇಡ.

ಹಬೆ ನೋಡಿ ಅಂದಾಜು ಮಾಡ್ತೇವೆ ಅಂದ. ಅದೇ ಮೋಸ. ಬೆಳಗಿನ ಚಳಿಯಲ್ಲಿ 40 ಡಿಗ್ರಿ ನೀರೂ ಹೊಗೆಯಾಡುತ್ತದೆ. ಮಧ್ಯಾಹ್ನದ ಒಣ ಬಿಸಿಲಿನಲ್ಲಿ ಅದಕ್ಕಿಂತ ಎಷ್ಟೋ ಬಿಸಿಯಾದ ನೀರು ಸುಮ್ಮನೆ ಹೊಳೆಯುತ್ತಾ ಕೂತಿರುತ್ತದೆ. ಪಾಚಿಯ ಬಣ್ಣವೂ ಅರ್ಧ ಸತ್ಯ. ಹಸಿರು, ಕಿತ್ತಳೆ ಪಾಚಿ 73 ಡಿಗ್ರಿ ದಾಟಿದರೆ ಬದುಕುವುದಿಲ್ಲ, ಸರಿ. ಹಾಗಂತ ಪಾಚಿ ಇದ್ದಲ್ಲಿ ಕಾಲು ಇಡಬಹುದು ಅಂತಲ್ಲ. ಗಾಜಿನಂತೆ ತಿಳಿಯಾಗಿ, ಪಾಚಿಯ ಸುಳಿವೇ ಇಲ್ಲದ ಗುಂಡಿ ಕಂಡರೆ ಮಾತ್ರ ಹತ್ತಿರವೇ ಹೋಗಬಾರದು. ಫೋಟೋಕ್ಕೆ ಎಲ್ಲರೂ ಬಗ್ಗುವುದು ಅಲ್ಲೇ.

ನನಗೆ ಹೆಚ್ಚು ಹೆದರಿಕೆ ನೀರಿನದ್ದಲ್ಲ, ನೆಲದ್ದು. ಪುಗಾದ ನೆಲ ದೂರದಿಂದ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಅದು ಬಿಳಿಗಾರ, ಉಪ್ಪು, ಅಲ್ಲಲ್ಲಿ ಹಳದಿ ಗಂಧಕ. ಮೇಲಿನದ್ದು ಹಪ್ಪಳದಂಥ ಪದರ. ಎಷ್ಟೋ ಕಡೆ ಅದರಡಿಯಲ್ಲಿ ಬಿಸಿ ಕೆಸರು. ಕಾಲಿಟ್ಟರೆ ಪದರ ಮುರಿದು ಕಣಕಾಲಿನವರೆಗೆ ಒಳಗೆ. ಹುಲ್ಲು ಬೆಳೆದಲ್ಲಿ ಬಿಸಿ ಕಮ್ಮಿ, ಕಲ್ಲು ಇದ್ದಲ್ಲಿ ಗಟ್ಟಿ. ಹೊಸ ದಾರಿ ಹುಡುಕದೆ ಆಗಲೇ ನಡೆದ ಜಾಡಿನಲ್ಲೇ ಹೋಗಬೇಕು. ಕೋಲಿನಲ್ಲಿ ಕುಟ್ಟಿ ನೋಡಿ ಒಂದು ಹೆಜ್ಜೆ, ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಮಾರು ಅಂತರ.

"ನಮ್ಮದು ರೈಡಿಂಗ್ ಬೂಟು ಮಾವ, ಮೊಣಕಾಲಿನವರೆಗೆ ಬರ್ತದೆ."

ಅದು ಇನ್ನೂ ಕಷ್ಟ. ಬಿಸಿ ಕೆಸರು ಒಳಗೆ ಇಳಿದರೆ ಬೂಟು ಅದನ್ನು ಫ್ಲಾಸ್ಕಿನ ಹಾಗೆ ಹಿಡಿದಿಡುತ್ತದೆ. ನಾಲ್ಕು ಪಟ್ಟಿ ಬಿಚ್ಚಿ, ಕಾಲುಚೀಲ ಎಳೆಯುವಷ್ಟರಲ್ಲಿ ಕಾಲು ಬೆಂದಿರುತ್ತದೆ. ಹಾಗಾದರೆ ಬಿಚ್ಚುತ್ತಲೇ ಮೇಲಿಂದ ತಣ್ಣೀರು ಸುರಿಯಬೇಕು. ಅದಕ್ಕೇ ಕುಡಿಯುವುದಲ್ಲದೆ ಎರಡು ಲೀಟರಿನ ಒಂದು ಬಾಟಲಿ ಕೈಯಲ್ಲಿರಬೇಕು, ಬೈಕಿನ ಚೀಲದಲ್ಲಲ್ಲ. ಆಮೇಲೆ 20 ನಿಮಿಷ ಹರಿಯುವ ತಣ್ಣೀರು, ಸುಟ್ಟ ಜಾಗಕ್ಕೆ ಮಾತ್ರ. ಉಳಿದ ಮೈ ಜಾಕೆಟ್ಟಿನಲ್ಲಿ ಬೆಚ್ಚಗಿರಲಿ, ಇಲ್ಲದಿದ್ದರೆ ಆ ಗಾಳಿಗೆ ಮನುಷ್ಯನೇ ತಣ್ಣಗಾಗುತ್ತಾನೆ. ಟೂತ್‌ಪೇಸ್ಟು, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಉಂಗುರ, ಕಾಲುಂಗುರ ಬಾವು ಏಳುವ ಮೊದಲೇ ತೆಗೆಯಬೇಕು. (ಸುಡದಿದ್ದರೂ ತೆಗೆದಿಡುವುದು ಒಳ್ಳೆಯದು. ಗಂಧಕದ ನೀರಿಗೆ ಬೆಳ್ಳಿ ಕರ್ರಗಾಗುತ್ತದೆ, ಆಮೇಲೆ ಅಕ್ಕ ನನಗೇ ಕೇಳುತ್ತಾಳೆ.)

ಬುಗ್ಗೆಯ ನೀರು ತೊರೆಗೆ ಸೇರಿ ಹದವಾದ ಜಾಗದಲ್ಲಿ ಕೂರುತ್ತೇವೆ ಅಂದ. ಯೋಚನೆ ಸರಿ, ಆದರೆ ಹದ ನಿಲ್ಲುವುದಿಲ್ಲ. ಬಿಸಿನೀರು ಹಗುರ, ಮೇಲೇ ತೇಲುತ್ತದೆ. ಪಾದಕ್ಕೆ ತಣ್ಣಗೆ ತಾಗಿತು ಅಂತ ಕೂತರೆ ಸೊಂಟಕ್ಕೆ ಬಿಸಿ. ಮೇಲೆ ಒಂದು ಸಲ, ತಳದಲ್ಲಿ ಒಂದು ಸಲ ಅಳೆಯಬೇಕು, ಕೋಲಿನಿಂದ ಕಲಕಿ ಮತ್ತೆ ಅಳೆಯಬೇಕು. ಮೇಲಿನಿಂದ ಯಾರಾದರೂ ಒಂದು ಕಲ್ಲು ಸರಿಸಿದರೂ ಲೆಕ್ಕ ತಪ್ಪುತ್ತದೆ. ತಲೆ ಮುಳುಗಿಸುವುದು, ಮೂಗಿಗೆ ನೀರು ಎಳೆಯುವುದು ಬೇಡವೇ ಬೇಡ. ಮೂಗಿನಿಂದ ಮೆದುಳಿಗೆ ಹೋಗುವ ಅಮೀಬಾಕ್ಕೆ ಬೆಚ್ಚಗಿನ ನೀರೆಂದರೆ ತವರುಮನೆ. ಕುಡಿಯಲೂ ಬಾರದು. ಬಿಳಿಗಾರದಲ್ಲಿರುವ ಬೋರಾನ್ ಆ ನೀರಿನಲ್ಲೂ ಉಂಟು, ಕುದಿಸಿದರೆ ಹೋಗುವ ವಸ್ತುವಲ್ಲ.

ಆಮೇಲೆ ಏಳುವುದು. ಎಲ್ಲರೂ ಇಳಿಯುವುದರ ಬಗ್ಗೆಯೇ ಯೋಚಿಸುತ್ತಾರೆ. ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿರುತ್ತದೆ, ಅಲ್ಲಿನ ಗಾಳಿಯ ಒತ್ತಡ ನಮ್ಮ ಕರಾವಳಿಯದ್ದರ ಸುಮಾರು 60% ಮಾತ್ರ, ಬೈಕು ಓಡಿಸಿ ಮೈ ಬತ್ತಿರುತ್ತದೆ. ತಟ್ಟನೆ ಎದ್ದರೆ ಕಣ್ಣು ಕತ್ತಲೆ, ಬೀಳುವುದು ಮತ್ತೆ ಅದೇ ನೀರಿಗೆ. ಹತ್ತು ನಿಮಿಷ ಸಾಕು. ಎದ್ದು ಅಂಚಿನಲ್ಲಿ ಎರಡು ನಿಮಿಷ ಕೂತು, ಆಮೇಲೆ ನಿಲ್ಲಬೇಕು, ಪಕ್ಕದಲ್ಲಿ ನೀರಿಗಿಳಿಯದ ಒಬ್ಬ ಬೇಕು. ಬೀರು ಕುಡಿದವನಿಗೆ ಸ್ನಾನ ಇಲ್ಲ. ಬಿಪಿ ಮಾತ್ರೆ ತಿನ್ನುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬಾರದು. ಎತ್ತರದ ಕಾಯಿಲೆ ಬಾರದಿರಲೆಂದು ಡೈಯಮಾಕ್ಸ್ ಮಾತ್ರೆ ತಗೊಳ್ಳುವವರಿಗೆ ಮೂತ್ರ ಜಾಸ್ತಿ, ನೀರೂ ಅಷ್ಟೇ ಜಾಸ್ತಿ ಕುಡಿಯಬೇಕು. ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು.

ಮಳೆ ಈಗ ಜೋರಾಯಿತು.

ದಾರಿಯ ಲೆಕ್ಕ ಅವನದ್ದು ಪೂರ್ತಿ ತಪ್ಪು. ವಿಮಾನದಲ್ಲಿ ಲೇಹ್, ಅಲ್ಲೇ ಬಾಡಿಗೆ ಬೈಕು, ಮರುದಿನವೇ ಪುಗಾ, ರಾತ್ರಿ ತ್ಸೋ ಮೊರಿರಿ ಸರೋವರದ ದಡದ ಕರ್ಜೋಕ್ ಊರು. ಲೇಹ್ 3,500 ಮೀಟರ್, ಅಲ್ಲಿ 48 ಗಂಟೆ ಸುಮ್ಮನೆ ಬಿದ್ದುಕೊಳ್ಳಬೇಕು. ಆಮೇಲೆ ಮಲಗುವ ಎತ್ತರ ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಬಾರದು. ದಾರಿಯಲ್ಲೇ ಸಿಗುವ ಇನ್ನೊಂದು ಬಿಸಿನೀರ ಬುಗ್ಗೆಯ ಊರು ಚುಮಾಥಾಂಗ್ ಸುಮಾರು 4,000, ಕರ್ಜೋಕ್ 4,500 ದಾಟುತ್ತದೆ. ದೇವರೇ ಮೆಟ್ಟಿಲು ಕಟ್ಟಿಟ್ಟ ಹಾಗಿದೆ. ಒಂದು ರಾತ್ರಿ ಚುಮಾಥಾಂಗಿನಲ್ಲಿ ನಿಲ್ಲಿ, ಸ್ನಾನವನ್ನೂ ಅಲ್ಲೇ ಮುಗಿಸಿ, ಪುಗಾವನ್ನು ದಾರಿಯಲ್ಲಿ ನಿಂತು ನೋಡಿ ಹೋಗಿ ಅಂದೆ. ಪೆಟ್ರೋಲು ಕಾರುವಿನಲ್ಲಿ ತುಂಬಿಸಿಕೊಳ್ಳಿ. ಅವನಿಗೆ ನಗು. ಕಾರು ಊರಿನ ಹೆಸರು, ಲೇಹಿನಿಂದ 35 ಕಿಲೋಮೀಟರ್.

ಚುಮಾಥಾಂಗಿನಲ್ಲಿ ಬುಗ್ಗೆ ಸಿಂಧೂ ನದಿಯ ದಡದಲ್ಲೇ. ಬೇಸಿಗೆಯಲ್ಲಿ ಹಿಮ ಕರಗಿ ನದಿಗೆ ಸೆಳೆತ. ಬಿಸಿಯಲ್ಲಿ ಕೂತು ತಣ್ಣಗಿನ ನದಿಗೆ ಹಾರುವ ಹುಡುಗಾಟ ಬೇಡ. ಒಳಗಿನ ಬಚ್ಚಲಲ್ಲಿ ಮೀಯುವುದಾದರೆ ಬಕೆಟಿಗೆ ಹಿಡಿದು ಆರಲು ಬಿಡಿ, ಕಿಟಕಿ ತೆರೆದಿಡಿ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯ ನೆಲದಲ್ಲಿ ಸೇರುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿ ವಾಸನೆ ನಿಂತ ಹಾಗನಿಸುತ್ತದೆ, ಅನಿಲ ನಿಂತಿರುವುದಿಲ್ಲ. ತಲೆನೋವು ಬಂದರೆ ಎತ್ತರದ್ದೋ ಅನಿಲದ್ದೋ ಅಂತ ಒಳಗೆ ಕೂತು ಚರ್ಚೆ ಮಾಡಬಾರದು, ಮೊದಲು ಹೊರಗೆ. ಹೊರಗೆ ಬಂದರೂ ತಲೆನೋವು ಇಳಿಯದೆ ವಾಂತಿ, ತೂರಾಟ ಶುರುವಾದರೆ ರಾತ್ರಿಯಾದರೂ ಲೇಹಿಗೆ ಇಳಿಸಲೇಬೇಕು.

"ಸಿಮ್ ಪ್ರೀಪೇಯ್ಡಾ?" ಅಂದೆ. ಹೌದಂತೆ. ಹೊರಗಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬನದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ ಅನ್ನುವಾಗ ಲೈನು ಕಟ್ಟಾಯಿತು.

ಊಟಕ್ಕೆ ಕೂತಾಗ ಹೊಳೆದದ್ದು: ಅಳೆಯಲಿಕ್ಕೆ ಥರ್ಮಾಮೀಟರ್ ಮನೆಯಲ್ಲೇ ಉಂಟು ಅಂದಿದ್ದ. ಅಡುಗೆಗೆ ಬಳಸುವ, ಉದ್ದ ಸರಳಿನದ್ದು ಅಂತ ನಾನು ಅಂದುಕೊಂಡೆ. ಅವರ ಮನೆಯಲ್ಲಿ ಅಂಥದ್ದು ಎಲ್ಲಿಂದ ಬಂತು? ಜ್ವರ ನೋಡುವ ಪಾದರಸದ್ದಾದರೆ 42ಕ್ಕೆ ಗೆರೆ ಮುಗಿಯುತ್ತದೆ, ಆ ನೀರಿಗೆ ಅದ್ದಿದರೆ ಕೊಳವೆ ಒಡೆದು ಹೋದೀತು.