ಬೀಕರಿನೊಳಗಿನ ಕಳ್ಳ

ಎಂಎಸ್ಸಿ ಕೊನೆಯ ವರ್ಷ ಅಂದ್ರೆ ನನಗೆ ಮೊದಲು ನೆನಪಾಗುವುದು ರೋಟರಿ ಪಂಪಿನ ಗಡಗಡ ಸದ್ದು. ನಾನೂ ನನ್ನ ಗೆಳತಿಯೂ ಕೆಮಿಸ್ಟ್ರಿಯವರು. ತೆಳು ಲೇಪನ ಹಾಕುವ ಸ್ಪಟರಿಂಗ್ ಮಷೀನ್ ಮಾತ್ರ ಫಿಸಿಕ್ಸ್‌ನವರದ್ದು. ದಿನಾ ಹೋಗಿ ಕಾಡಿ ಬೇಡಿ ಸಮಯ ಪಡೆಯಬೇಕಿತ್ತು.

ಫ್ಯೂಯೆಲ್ ಸೆಲ್‌ನಲ್ಲಿ ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುತ್ತವೆ, ಕರೆಂಟ್ ಸಿಗುತ್ತದೆ. ಹೈಡ್ರೋಜನ್ ಕಡೆ ಜಾಸ್ತಿ ತಕರಾರಿಲ್ಲ. ಆಕ್ಸಿಜನ್ನೇ ಸೋಮಾರಿ. ಅದನ್ನು ಎಬ್ಬಿಸಲು ಕ್ಯಾಟಲಿಸ್ಟ್, ಅಂದ್ರೆ ಕ್ರಿಯೆಗೆ ವೇಗ ಕೊಡುವ ವಸ್ತುವಾಗಿ, ಪ್ಲಾಟಿನಂ ಬೇಕು, ಅದರ ಬೆಲೆ ಕೇಳುವ ಹಾಗಿಲ್ಲ. ಕೋಬಾಲ್ಟ್ ಸಂಯುಕ್ತವೊಂದು ಈ ಕೆಲಸ ಮಾಡುತ್ತದೆಂದು ವಿಜ್ಞಾನಿ ಜಾಸಿನ್‌ಸ್ಕಿ 1964ರಲ್ಲೇ ತೋರಿಸಿದ್ದರು. ನಾವು ಹಿಡಿದದ್ದು ಕಬ್ಬಿಣ. ಅದನ್ನು ಕಾರ್ಬನ್, ನೈಟ್ರೋಜನ್ ಜೊತೆ ಪ್ಲಾಸ್ಮಾದಲ್ಲಿ, ಅಂದ್ರೆ ಕರೆಂಟ್ ಹೊಕ್ಕು ಹೊಳೆಯುವ ಅನಿಲದಲ್ಲಿ, ಬೆರೆಸಿ ಕಾರ್ಬನ್ ಪೇಪರಿಗೆ ಲೇಪಿಸುವುದು.

ಚೇಂಬರಿನ ಗಾಳಿಯೆಲ್ಲ ಎಳೆದು, ಒಂಚೂರು ಆರ್ಗಾನ್ ಬಿಟ್ಟು ಪವರ್ ಕೊಟ್ಟರೆ ಗಾಜಿನ ಕಿಂಡಿಯಲ್ಲಿ ನೇರಳೆ ಹಣ್ಣು ತಿಂದ ನಾಲಿಗೆಯಂಥ ಬೆಳಕು. ನೈಟ್ರೋಜನ್ ಸೇರಿಸಿದರೆ ಗುಲಾಬಿಗೆ ತಿರುಗುತ್ತಿತ್ತು. ಆರ್ಗಾನ್ ಅಯಾನುಗಳು ಟಾರ್ಗೆಟ್ ಎಂಬ ಬಿಲ್ಲೆಗೆ ಬಡಿದು ಪರಮಾಣುಗಳನ್ನು ಕಿತ್ತು ಪೇಪರಿನ ಮೇಲೆ ಕೂರಿಸುತ್ತವೆ. ಆದರೆ ಕಬ್ಬಿಣ ದಪ್ಪವಾಗಿದ್ದರೆ ಮಷೀನಿನ ಕಾಂತಕ್ಷೇತ್ರವನ್ನೇ ನುಂಗಿಬಿಡುತ್ತದೆ, ಪ್ಲಾಸ್ಮಾ ಹತ್ತುವುದೇ ಇಲ್ಲ! ಇದು ತಲೆಗೆ ಹೋಗಲು ನಮಗೆ ಎರಡು ವಾರ ಬೇಕಾಯ್ತು. ಕೊನೆಗೆ ಗ್ರಾಫೈಟ್ ಟಾರ್ಗೆಟ್ ಮೇಲೆ ಕಬ್ಬಿಣದ ತೆಳು ಚೂರುಗಳನ್ನಿಟ್ಟು ಗೆದ್ದೆವು. ಆಮೇಲೆ ಆರ್ಗಾನ್‌ನಲ್ಲಿ 800 ಡಿಗ್ರಿಗೆ ಕಾಯಿಸಿದ್ದಾಯ್ತು.

ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಪರೀಕ್ಷೆ. ಎಷ್ಟು ಕರೆಂಟ್ ಬರುತ್ತದೆಂದು ತೋರಿಸುವ ಮೊದಲ ಗ್ರಾಫ್ ಸುಮಾರು. ರಾತ್ರಿಯಿಡೀ ವೋಲ್ಟೇಜ್ ಏರಿಸಿ ಇಳಿಸುವ ಸೈಕಲ್ ಓಡಲು ಬಿಟ್ಟು ಬೆಳಿಗ್ಗೆ ಬಂದರೆ ಗ್ರಾಫ್ ಎಲ್ಲೋ ಹೋಗಿತ್ತು! ಪ್ಲಾಟಿನಂಗೆ ಹತ್ತಿರ ಹತ್ತಿರ. ಹಾಸ್ಟೆಲ್‌ನವರಿಗೆಲ್ಲ ಹೋಳಿಗೆ ಊಟ ಹಾಕಿಸುವುದೊಂದು ಬಾಕಿ.

ಮೇಡಂ ಪ್ರಿಂಟ್ ನೋಡಿ ನಗಲಿಲ್ಲ. “ಎಲ್ಲರ ಕ್ಯಾಟಲಿಸ್ಟೂ ಬಳಸ್ತಾ ಬಳಸ್ತಾ ಸವೆಯುತ್ತೆ. ನಿಮ್ಮದೊಂದು ಯಾಕ್ರಮ್ಮಾ ಬೆಳೀತಿದೆ?” ಅಂದರು. ಲ್ಯಾಬಿಗೆ ಬಂದು ಬಗ್ಗಿ ಬೀಕರಿನೊಳಗೆ ಇಣುಕಿದರು. “ಪ್ಲಾಟಿನಂ ಇಲ್ಲದ ಕ್ಯಾಟಲಿಸ್ಟ್ ಅಂತ ಬರೆದಿದ್ದೀರಿ. ಇದ್ಯಾವ ತಂತಿ?”

ಅದು ಕೌಂಟರ್ ಎಲೆಕ್ಟ್ರೋಡ್, ಕರೆಂಟಿನ ಸುತ್ತು ಪೂರ್ತಿ ಮಾಡಲು ಆಸಿಡ್‌ನಲ್ಲಿ ಅದ್ದಿಡುವ ಇನ್ನೊಂದು ತುದಿ. ಅಪ್ಪಟ ಪ್ಲಾಟಿನಂ. ಆಸಿಡ್‌ನಲ್ಲಿ ಚೂರುಚೂರೇ ಕರಗಿ, ಈಜಿ ಬಂದು, ನಮ್ಮ ಕಾರ್ಬನ್ ಪೇಪರಿನ ಮೇಲೆ ಕೂತಿತ್ತು. ಕೆಲಸವೆಲ್ಲ ಅದರದ್ದು, ಹೆಸರು ಕಬ್ಬಿಣಕ್ಕೆ.

ಆ ತಂತಿಯ ಬದಲು ಗ್ರಾಫೈಟ್ ಕಡ್ಡಿ ಹಾಕಿ, ಹೊಸ ಪೇಪರ್ ತಂದು ಮತ್ತೆ ಮಾಡಿದೆವು. ಗ್ರಾಫ್ ಮಕಾಡೆ ಮಲಗಿತು. ಗೆಳತಿ ಅತ್ತೇಬಿಟ್ಟಳು. ಕಬ್ಬಿಣ ಸುಮ್ನೆ ಕೂತಿರಲಿಲ್ಲ, ನಿಜ, ಆದರೆ ನಾವು ಕೊಚ್ಚಿಕೊಂಡಷ್ಟು ಅಲ್ಲ. ರಿಪೋರ್ಟಿನಲ್ಲಿ ಎರಡೂ ಗ್ರಾಫ್ ಪಕ್ಕಪಕ್ಕ ಹಾಕಿಸಿದರು ಮೇಡಂ.

ಆ ತಂತಿಯನ್ನು ತೂಕ ಮಾಡಿ, ರಿಜಿಸ್ಟರಿನಲ್ಲಿ ಬರೆದು ಬೀರುವಿಗೆ ಹಿಂತಿರುಗಿಸಬೇಕಿತ್ತು. ತೂಗಿದೆ. ಒಂದು ಮಿಲಿಗ್ರಾಂ ಕೂಡ ಕಡಿಮೆಯಾಗಿರಲಿಲ್ಲ.