ಗುಮ್ಮಟದಡಿ ಎಳೆಯ ಕೊರಳು

ಲಂಡನ್ನಿನ ರಸೆಲ್ ಸ್ಕ್ವೇರ್ ನಿಲ್ದಾಣದಲ್ಲಿ ಇಳಿದು ಐದಾರು ನಿಮಿಷ ನಡೆದರೆ ಬ್ರನ್ಸ್‌ವಿಕ್ ಸ್ಕ್ವೇರಿನಲ್ಲಿ ಫೌಂಡ್ಲಿಂಗ್ ಮ್ಯೂಸಿಯಂ. ಸೋಮವಾರ ರಜೆ. ಥಾಮಸ್ ಕೋರಮ್ 1739ರಲ್ಲಿ ರಾಜಸನದು ಪಡೆದು ತೆರೆದ ಅನಾಥಾಲಯದ ನೆನಪು ಇಲ್ಲಿದೆ. ಕೂಸನ್ನು ಒಪ್ಪಿಸಿ ಹೋಗುವಾಗ ತಾಯಂದಿರು ಗುರುತಿಗೆಂದು ಬಿಟ್ಟ ನಾಣ್ಯ, ಪದಕಗಳ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಮೇಲಂತಸ್ತು ಸಂಗೀತ ರಚನಕಾರ ಹ್ಯಾಂಡೆಲ್‌ಗೆ ಮೀಸಲು. ತನ್ನ ಗಾಯನಕೃತಿ ‘ಮೆಸ್ಸಾಯ’ದ ಒಂದು ಪ್ರತಿಯನ್ನು ಅವನು ಈ ಮಕ್ಕಳ ಮನೆಗೇ ಉಯಿಲು ಬರೆದಿದ್ದ.

ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಹೋಬರ್ನ್‌ನ ಸೇಂಟ್ ಆಂಡ್ರೂ ಚರ್ಚು. ಹೊರಗೋಡೆಯಲ್ಲಿ ನೀಲಿ ಸಮವಸ್ತ್ರದ ಹುಡುಗ, ಹುಡುಗಿಯ ಪ್ರತಿಮೆಗಳಿವೆ: ಧರ್ಮಾರ್ಥ ಶಾಲೆಯ ಗುರುತು. ಕೋರಮ್‌ನ ಸಮಾಧಿ ಒಳಗಿದೆ. ಲಂಡನ್ನಿನ ಇಂಥ ಶಾಲೆಗಳ ಸುಮಾರು 2000 ಮಕ್ಕಳು 1704ರಲ್ಲಿ ಮೊದಲ ವಾರ್ಷಿಕ ಆರಾಧನೆಗೆ ಸೇರಿದ್ದು ಇಲ್ಲೇ. ದಾನಿಗಳ ಮನ ಕರಗಿಸುವ ಹೊಣೆಯೂ ಆ ಪುಟ್ಟ ಕೊರಳುಗಳ ಮೇಲಿತ್ತು.

ಸ್ವರಲಿಪಿ ಬಾರದ ಮಕ್ಕಳಿಗೆ ಬಾಯಿಪಾಠವೇ ದಾರಿ. ಮೊದಲು ಮಾತು, ಆಮೇಲೆ ಧಾಟಿ. ಹೇಳಿಕೊಡುವವರು ಒಂದು ಸಾಲು, ಮಕ್ಕಳು ಅದೇ ಸಾಲು. ಚರ್ಚಿನಲ್ಲಿ ಹಾಡುವ ಬಹಳಷ್ಟು ಕೀರ್ತನೆಗಳು ‘ಕಾಮನ್ ಮೀಟರ್’ನವು, ಅಂದರೆ 8, 6, 8, 6 ಅಕ್ಷರಗಳ ನಾಲ್ಕು ಸಾಲು. ಭಾಮಿನಿಯ ಒಂದು ಧಾಟಿ ಇಡೀ ಕಾವ್ಯಕ್ಕೆ ಒದಗುವ ಹಾಗೆ, ಒಂದು ಧಾಟಿ ಗಟ್ಟಿಯಾದರೆ ಅದೇ ಅಳತೆಯ ಹತ್ತಾರು ಕೀರ್ತನೆ ಹಾಡಬಹುದು. ತೊಡಕು ಒತ್ತಿನಲ್ಲಿದೆ. ಧಾಟಿಯ ಬಿಗಿ ಸಾಲಿನ ಎರಡನೇ ಅಕ್ಷರಕ್ಕೆ ಬೀಳುತ್ತದೆ. ಪದದ ಒತ್ತು ಮೊದಲ ಅಕ್ಷರದ ಮೇಲಿದ್ದರೆ ಮಾತು ಕುಂಟುತ್ತದೆ. ಪುಟ್ಟ ಮಕ್ಕಳಿಗೆ ಎರಡು ಸಾಲಿನ 14 ಅಕ್ಷರ ಒಂದೇ ಉಸಿರಿಗೆ ದಕ್ಕದು, ಸಾಲು ಸಾಲಿಗೂ ಉಸಿರು ತೆಗೆಸಬೇಕು. ಎಲ್ಲಕ್ಕಿಂತ ಹಳೆಯ ದೂರು ಅರಚಾಟ. ಗಂಟಲು ಬಿಗಿದು ಕೂಗಿದರೆ ಕೊರಳು ದಣಿದು ಶ್ರುತಿ ಇಳಿಯುತ್ತದೆ. ಮೆಲುದನಿಯಲ್ಲಿ ಕಲಿಸಿ ಕೊನೆಗೆ ದನಿ ಏರಿಸುವುದೇ ಸರಿ.

ಪೂರ್ವಕ್ಕೆ ಕಾಲು ಗಂಟೆಯ ದಾರಿ, ಸೇಂಟ್ ಪಾಲ್ಸ್ ಕೆಥೆಡ್ರಲ್. 1782ರಿಂದ ಆ ವಾರ್ಷಿಕ ಕೂಟ ಇಲ್ಲಿಗೆ ಬಂತು. ಗುಮ್ಮಟದಡಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಬೆಂಚುಗಳಲ್ಲಿ ಸಾವಿರಾರು ಮಕ್ಕಳು ಕೂತು ಒಂದೇ ಧಾಟಿಯನ್ನು ಒಟ್ಟಿಗೆ ಹಾಡುತ್ತಿದ್ದರು. 1792ರಲ್ಲಿ ಕೇಳಿದ ಸಂಗೀತ ರಚನಕಾರ ಹೈಡನ್ ಮನಸೋತು, ಮಕ್ಕಳು ಹಾಡಿದ, ಇಲ್ಲಿನ ಆರ್ಗನ್ ವಾದಕ ಜಾನ್ ಜೋನ್ಸ್‌ನ ಧಾಟಿಯನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. 1851ರಲ್ಲಿ ಫ್ರೆಂಚ್ ಸಂಗೀತ ರಚನಕಾರ ಬೆರ್ಲಿಯೋಜ್ ಕೇಳಲು ಬಂದ. ಗುಮ್ಮಟದಡಿಯ ಜಾಗ ವಿಶಾಲ; ಮೂವತ್ತನಾಲ್ಕು ಮೀಟರ್ ದಾಟಲು ಸದ್ದಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಎದುರು ಸಾಲಿನ ಮಕ್ಕಳನ್ನು ಕೇಳಿಕೊಂಡು ಹಾಡಿದರೆ ತಾಳ ಜಾರುತ್ತದೆ. ಕಿವಿಗಿಂತ ಕಣ್ಣು ನೆಚ್ಚಿ, ತಾಳ ತೋರುವ ಕೈಯನ್ನು ನೋಡಬೇಕು.

ಸಂಜೆಯ ಈವ್‌ನ್‌ಸಾಂಗ್ ಆರಾಧನೆಗೆ ಟಿಕೆಟ್ ಬೇಡ. ಗುಮ್ಮಟದ ಹತ್ತಿರ ಕೂತು, ಹಾಡು ನಿಂತ ಮೇಲೆ ಸದ್ದು ಎಷ್ಟು ಹೊತ್ತು ಸುಳಿದಾಡುತ್ತದೆಂದು ಎಣಿಸಿ. ಜೋನ್ಸ್ ಯಾಕೆ ಅಷ್ಟು ಕಡಿಮೆ ಸ್ವರ ಬಳಸಿದ ಎಂಬುದು ಅಲ್ಲಿ ಕಿವಿಗೇ ತಿಳಿಯುತ್ತದೆ.