ಬೂತಾಯಿ ಬುಟ್ಟಿ

ಇವತ್ತು ಮೀನು ಮಾರ್ಕೆಟ್ಟಿನಲ್ಲಿ ಎಲ್ಲರ ಕಣ್ಣೂ ಅಂಜಲ್ ಮೀನಿನ ಮೇಲೆ. ಪಕ್ಕದ ಬೂತಾಯಿ (ಸಾರ್ಡಿನ್) ಬುಟ್ಟಿಯನ್ನು ಕೇಳುವವರಿಲ್ಲ.

ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಬೇಕೆಂದರೆ ಕೈ ಹಾಕಬೇಕಾದದ್ದು ಆ ಬುಟ್ಟಿಗೇ. ಬಂಗುಡೆಯೂ ಆದೀತು.

ಮೊಟ್ಟೆ ಇಟ್ಟು ಬಳಲಿದ ಬೂತಾಯಿ ಒಣಕಲು. ಮಳೆಗಾಲ ಕಳೆದು ಮೇದು ಕೊಬ್ಬಿದ್ದು ಬಂದಾಗ ನೋಡಿ, ಕೊಯ್ದ ಬೆರಳಿಗೆ ಜಿಡ್ಡು ಅಂಟುತ್ತದೆ. ಆ ಜಿಡ್ಡೇ ಬೇಕಾದದ್ದು. ಆದರೆ ಅದು ಗಾಳಿ ತಾಗಿದರೆ ಬೇಗ ಕಮಟುತ್ತದೆ. ಹೊಟ್ಟೆ ಒಡೆದದ್ದು, ಕಣ್ಣು ಗುಳಿಬಿದ್ದದ್ದು ಬೇಡವೇ ಬೇಡ. ಕಿವಿರು ಕೆಂಪಗಿರಲಿ, ತಂದ ದಿನವೇ ಒಲೆ ಏರಲಿ.

ಕೆಡಿಸುವುದು ಬಾಣಲೆ. ಮುಳುಗುವಷ್ಟು ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದರೆ ಮೀನಿನ ಎಣ್ಣೆ ಬಾಣಲೆಗೆ, ಬಾಣಲೆಯ ಒಮೆಗಾ-6, ಅಂದರೆ ಸೂರ್ಯಕಾಂತಿ ಎಣ್ಣೆಯ ಕೊಬ್ಬು, ಮೀನಿಗೆ. ಕಾವಲಿಗೆ 2 ಚಮಚ ಸಾಕು. ಹುಳಿ-ಖಾರದ ಗಸಿ ಪುಳಿಮುಂಚಿ ಇನ್ನೂ ವಾಸಿ, ಇಳಿದ ಎಣ್ಣೆ ಗಸಿಯಲ್ಲೇ ಉಳಿಯುತ್ತದೆ.

ಮೀನಿನ ಕೊಬ್ಬು ಬೇಕು, ಮಾಂಸದ್ದು ಬೇಡ. ಕೋಳಿಯಾದರೆ ಚರ್ಮ ತೆಗೆಸಿ, ಅಷ್ಟೇ.

ಮಟನ್‌ಗೆ ತೊಡೆ ಕೇಳಿ, ಅಂಟಿದ ಬಿಳಿ ನೆಣ ಅಲ್ಲೇ ತೆಗೆಸಿ. ತೂಕಕ್ಕೆ ಮೊದಲು ಹೇಳಬೇಕು, ಆಮೇಲಲ್ಲ! ಮೂಳೆ ಸೂಪು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಮೇಲೆ ಮೇಣದಂಥ ಕೊಬ್ಬಿನ ಪದರ. ಚಮಚ ಹಾಕಿ ಎತ್ತಿದರೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ.